ಹೊಟ್ಟೆಯ ಅಳತೆ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅತ್ತೆಯ ಹೊಲಿಗೆ ಯಂತ್ರ ಮತ್ತೆ ಸದ್ದು ಮಾಡಿತು. ಅಂತ್ಯಕ್ರಿಯೆಯ ದಿನ ಯಾರೋ ಅದರ ಮೇಲೆ ಹೊದಿಸಿದ್ದ ಚಾದರ ಅಲ್ಲಿಯವರೆಗೂ ಹಾಗೇ ಇತ್ತು. ಸೊಸೆ ಹಾಸಿಗೆಯಲ್ಲೇ ಕಣ್ಣು ಬಿಟ್ಟು ಕೇಳಿದಳು. ಯಂತ್ರ ತುಸು ಓಡಿತು, ನಿಂತಿತು, ಕತ್ತರಿ ಕಚಕ್ ಎಂದಿತು, ಮತ್ತೆ ಓಡಿತು. ಈ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಹಾಗೆ. ಇವತ್ತೂ ಹಾಗೇ ಆಯಿತಲ್ಲ ಎಂದು ಅವಳಿಗೆ ವಿಚಿತ್ರವೆನಿಸಿತು, ಅಷ್ಟೆ. ಅಳು ಬರಲಿಲ್ಲ. ಆಸ್ಪತ್ರೆಗೆ ತನ್ನ ಕಾಲಮೇಲೆ ನಡೆದುಕೊಂಡೇ ಹೋದ ಗಂಡ ಇನ್ನಿಲ್ಲವೆಂದು ಡಾಕ್ಟರು ಹೇಳಿದ ಗಳಿಗೆಯಿಂದ ಅವಳಿಗೆ ಏನೂ ಆಗುತ್ತಿರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲು ಮರಗಟ್ಟುತ್ತದಲ್ಲ, ತನ್ನದೇ ಎಂದು ಗೊತ್ತಿದ್ದರೂ ಮುಟ್ಟಿದರೆ ಯಾರದೋ ಅನ್ನಿಸುತ್ತದಲ್ಲ, ಹಾಗೆ. ನೆಂಟರಲ್ಲಿ ಒಬ್ಬಾಕೆ ‘ಹುಡುಗಿ ಕಲ್ಲು’ ಎಂದು ಪಿಸುಗುಟ್ಟಿದ್ದು ಅಡುಗೆಮನೆವರೆಗೂ ಕೇಳಿಸಿತ್ತು. ಇರಬಹುದು ಎಂದುಕೊಂಡು ಅವಳು ಲೋಟ ತೊಳೆದಿದ್ದಳು.

ಎದ್ದು ಮುಂದಿನ ಕೋಣೆಗೆ ಬಂದಳು. ಆ ಕೋಣೆಯಲ್ಲಿ ಎರಡು ಮೇಜು. ಕಿಟಕಿಯ ಬಳಿಯದು ಅತ್ತೆಯ ಹೊಲಿಗೆಯದು. ಎದುರು ಗೋಡೆಗೆ ಒತ್ತಿಕೊಂಡಿದ್ದು ಕಂಪ್ಯೂಟರಿನದು. ಗಂಡ ಅದರ ಮುಂದೆ ಕೂತು ಮನೆಗಳ ಪ್ಲಾನು ಬರೆಯುತ್ತಿದ್ದ, ಅವಳು ಪಕ್ಕದ ಕುರ್ಚಿಯಲ್ಲಿ ಕೂತು ಅಳತೆಗಳನ್ನು ತಾಳೆ ನೋಡುತ್ತಿದ್ದಳು. ಅವಳು ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದಿ ಭೂಪಟ ಬರೆಯಲು ಕಲಿತವಳು. ‘ದೇಶ ಅಳೆಯೋಕೆ ಕಲಿತು ಬಂದು ಯಾರದೋ ಬಚ್ಚಲುಮನೆ ಅಳೀತಾ ಕೂತಿದ್ದೀಯಲ್ಲ’ ಎಂದು ಗಂಡ ಕೆಣಕುವುದಿತ್ತು. ದೇಶಗಳಿಗೆ ಬಾಗಿಲು ಎಲ್ಲಿಡಬೇಕೆಂದು ಯಾರೂ ನನ್ನನ್ನು ಕೇಳುವುದಿಲ್ಲ ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಅವಳು ಕಾಫಿ ಕುಡಿಯುವಷ್ಟರಲ್ಲಿ ಎಂಜಿನಿಯರು ಫೋನ್ ಮಾಡಿದರು. ಅವರಿಗೆ ಗಂಡ ಹೆಂಡತಿಯೇ ಪ್ಲಾನು ಬರೆದುಕೊಡುತ್ತಿದ್ದುದು. ಒಳ್ಳೆಯ ಮನುಷ್ಯ, ಮಾತು ಮೆತ್ತಗೆ. ಮಹಡಿ ಮನೆಯ ಪ್ಲಾನು ಅರ್ಧಕ್ಕೆ ನಿಂತಿದೆಯಲ್ಲ, ಅದನ್ನು ಸದ್ಯಕ್ಕೆ ಬೇರೆಯವರ ಕೈಗೆ ಕೊಡುತ್ತೇನೆ, ನೀವು ಸುಧಾರಿಸಿಕೊಳ್ಳಿ ಎಂದರು. ಸುಧಾರಿಸಿಕೊಳ್ಳುವುದೆಂದರೆ ಏನೆಂದು ಅವಳಿಗೆ ತಿಳಿಯಲಿಲ್ಲ. ಒಮ್ಮೆ ಬೇರೆಯವರ ಕೈಗೆ ಹೋದ ಕೆಲಸ ತಿರುಗಿ ಬರುವುದಿಲ್ಲ ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು.

“ಮೆಟ್ಟಿಲಿನ ಭಾಗ ಒಂದೇ ಬಾಕಿ ಇರೋದು ಸಾರ್. ಶನಿವಾರ ನಾನೇ ಕಳಿಸ್ತೀನಿ.”

ಎಂಜಿನಿಯರು ಆಗಲಮ್ಮ ಎಂದರು. ಶನಿವಾರ ತಪ್ಪಿದರೆ ಮಾತ್ರ ನನ್ನ ಕೈಯಲ್ಲಿಲ್ಲ ಎಂದೂ ಸೇರಿಸಿದರು. ಹೊಲಿಗೆ ಯಂತ್ರ ನಿಂತಿತ್ತು. ಅತ್ತೆ ಸೂಜಿಗೆ ದಾರ ಪೋಣಿಸುವ ನೆವದಲ್ಲಿ ಎಲ್ಲ ಕೇಳಿಸಿಕೊಂಡು ಮತ್ತೆ ಪೆಡಲ್ ತುಳಿದರು.

ಮಧ್ಯಾಹ್ನ ಮೈದುನ ಬಂದ. ಅಣ್ಣನ ಫೋಟೋ ದೊಡ್ಡದು ಮಾಡಿಸಿ ತಂದಿದ್ದ. ಫೋಟೋ ಗೋಡೆಗೆ ಒರಗಿಸಿ, ಬೆವರು ಒರೆಸಿಕೊಳ್ಳುತ್ತಾ, ಸ್ಟುಡಿಯೋದಲ್ಲಿ ಕಂಡದ್ದನ್ನು ಹೀಗೇ ಮಾತಿಗೆ ಹೇಳಿದ. ಸ್ಟುಡಿಯೋದವರ ಕಂಪ್ಯೂಟರಿಗೆ ಮೈಮೇಲೆ ಏನೂ ಇಲ್ಲವಂತೆ. ಕರುಳು ಪಚ್ಚಿಯೆಲ್ಲ ಪೇಪರಿನ ಮೇಲೆ ಹರಡಿಕೊಂಡು, ಪಕ್ಕದಲ್ಲಿ ಟೇಬಲ್ ಫ್ಯಾನ್ ಬೀಸುತ್ತಾ, ಹಾಗೇ ಓಡುತ್ತಿದೆಯಂತೆ. ಪೇಪರು ಹಾರದಿರಲಿ ಎಂದು ನಾಲ್ಕು ಮೂಲೆಗೂ ಹಳೆಯ ಲೆನ್ಸು ಇಟ್ಟಿದ್ದಾರಂತೆ.

ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಕಂಪ್ಯೂಟರ್ ಮೇಜಿನ ಕೆಳಗೆ ನೋಡಿದರು. ಅಲ್ಲಿದ್ದ ಕ್ಯಾಬಿನೆಟ್, ಅಂದರೆ ಕಂಪ್ಯೂಟರಿನ ಭಾಗಗಳೆಲ್ಲ ಒಳಗೆ ಕೂತಿದ್ದ ಆ ಬೂದು ಬಣ್ಣದ ಉಕ್ಕಿನ ಡಬ್ಬ, ಸ್ಟುಡಿಯೋದವರದು.

ಅದು ಈ ಮನೆಗೆ ಬಂದ ಕತೆ ಹೀಗೆ. ಗಂಡ ಹೆಂಡತಿ ಸೇರಿ ಕಂಪ್ಯೂಟರನ್ನು ಬಿಡಿಬಿಡಿಯಾಗಿ ಕೊಂಡು ತಾವೇ ಜೋಡಿಸುವುದೆಂದು ಮಾಡಿದ್ದರು. ಎಲ್ಲ ಭಾಗಗಳೂ ಬಂದವು. ಡಬ್ಬದ ಹತ್ತಿರ ಮಾತ್ರ ಗಂಡ ಎಡವಿದ. ಕೈಗೆಟುಕುವ ಬೆಲೆಯ ಒಂದೊಂದು ಕ್ಯಾಬಿನೆಟ್ಟಿನಲ್ಲೂ ಅವನಿಗೊಂದು ಐಬು ಕಾಣುತ್ತಿತ್ತು. ಒಂದರ ತಗಡು ಹಾಳೆಯಷ್ಟು ತೆಳು, ಇನ್ನೊಂದರ ಮುಖ ಮುಚ್ಚಿದೆ, ಗಾಳಿ ಒಳಗೆ ಹೋಗದು, ಮತ್ತೊಂದರಲ್ಲಿ ವೈರು ಹಾಯಿಸಲು ಹಿಂದುಗಡೆ ಜಾಗವೇ ಇಲ್ಲ. ‘ನಿನ್ನನ್ನು ಒಪ್ಪೋಕೆ ಅವನಿಗೆ ಒಂದು ಸಂಜೆ ಸಾಕಾಯ್ತು, ಒಂದು ಡಬ್ಬ ಒಪ್ಪೋಕೆ ವರ್ಷ ಸಾಲ್ತಾ ಇಲ್ಲ’ ಎಂದು ಅತ್ತೆ ನಗುತ್ತಿದ್ದರು. ಸರಿಯಾದ್ದು ಸಿಗುವ ತನಕ ಎಂದು ಸ್ಟುಡಿಯೋದವರಿಂದ ಅವರ ಹಳೆಯ ಕ್ಯಾಬಿನೆಟ್ ತಂದ. ಸಕ್ಕರೆ ಡಬ್ಬ ಖಾಲಿಯಾದರೂ ಪಕ್ಕದ ಮನೆಯ ಬಾಗಿಲು ತಟ್ಟಲು ಬಿಡದ ಮನುಷ್ಯ ಅವನು, ಯಾರ ಹಂಗೂ ಆಗದು. ತಂದದ್ದು ಅದೊಂದೇ. ಅದನ್ನು ವಾಪಸು ಕೊಡಲಾಗದ ಸಂಕೋಚಕ್ಕೆ ಸ್ಟುಡಿಯೋ ಇರುವ ಬೀದಿಯನ್ನೇ ಬಿಟ್ಟು ಸುತ್ತು ಬಳಸಿ ಓಡಾಡುತ್ತಿದ್ದ.

ಅಂತ್ಯಕ್ರಿಯೆಗೆ ಸ್ಟುಡಿಯೋದವರೂ ಬಂದಿದ್ದರು. ಎಲ್ಲರೂ ನಿಂತಿದ್ದಾಗಲೇ ಅವಳ ಹತ್ತಿರ ಬಂದು, ಆ ಡಬ್ಬದ ಯೋಚನೆ ಮಾಡಬೇಡಮ್ಮ, ಅದು ನಿಮ್ಮಲ್ಲೇ ಇರಲಿ ಎಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅದನ್ನು ಅನ್ನುವಾಗ ಅವರ ಸ್ವಂತ ಕಂಪ್ಯೂಟರು ಪೇಪರಿನ ಮೇಲೆ ಬೆತ್ತಲೆ ಬಿದ್ದಿತ್ತು ಎಂದು ಈಗ ಗೊತ್ತಾಯಿತು.

ಅತ್ತೆ ಕತ್ತರಿ ಕೆಳಗಿಟ್ಟರು. “ನನ್ನ ಮಗ ಯಾರದನ್ನೂ ಇಟ್ಕೊಂಡು ಹೋದವನಲ್ಲ.”

“ಹೋಗೋದೂ ಇಲ್ಲ” ಎಂದಳು ಸೊಸೆ.

ಮೈದುನನಿಗೆ ತಾನು ಏನು ಹಚ್ಚಿಬಿಟ್ಟೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಬುದ್ಧಿ ಹೇಳಿದ. ಮೊದಲು ಎಂಜಿನಿಯರ ಕೆಲಸ ಮುಗಿಸಿ, ಆಮೇಲೆ ಡಬ್ಬದ ಮಾತು. ಓಡುತ್ತಿರುವ ಯಂತ್ರವನ್ನು ಬಿಚ್ಚಬಾರದು, ಬಿಚ್ಚಿದ್ದು ಮತ್ತೆ ಎದ್ದು ಕೂರುತ್ತದೆಂದು ಹೇಳಲಾಗದು. “ಅತ್ತಿಗೆ, ನೀವು ಕೈ ಹಾಕ್ಬೇಡಿ. ಮುಂದಿನ ವಾರ ನನ್ನ ಸ್ನೇಹಿತನ ಅಂಗಡಿಗೆ ಹೊತ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಇದನ್ನ ಅವನಿಗೇ ಕೊಟ್ಟು ಒಂದು ಲ್ಯಾಪ್‌ಟಾಪ್ ತಗೊಳ್ಳೋಣ. ಅಣ್ಣ ಇದ್ದಾಗ ಸರಿ, ಇನ್ನು ಇದನ್ನ ಯಾರು ನೋಡ್ಕೊಳ್ತಾರೆ?”

ಅವನ ಕ್ರಮವೇ ಜಾಣತನದ್ದೆಂದು ಅವಳಿಗೂ ಗೊತ್ತಿತ್ತು. ಕೊನೆಯ ಮಾತಿಲ್ಲದಿದ್ದರೆ ಒಪ್ಪುತ್ತಿದ್ದಳೇನೋ. ಇದರ ಒಂದೊಂದು ವೈರೂ ಎಲ್ಲಿ ಹೋಗುತ್ತದೆಂದು ಅವಳು ಬಲ್ಲಳು. ಮೊದಲ ಸಲ ಜೋಡಿಸಿದಾಗ ಟಾರ್ಚು ಹಿಡಿದು ಕೈಪಿಡಿ ಓದಿ ಹೇಳಿದ್ದು ಅವಳೇ, ಎರಡು ವೈರು ಅದಲುಬದಲಾದದ್ದನ್ನು ಹಿಡಿದದ್ದೂ ಅವಳೇ. ಮೊದಲ ಬಾರಿಗೆ ತಾನೊಬ್ಬಳೇ ಮುಗಿಸಿ ಕಳಿಸುವ ಪ್ಲಾನು ಇನ್ನೊಬ್ಬರು ಅಡಚಣೆ ಪಟ್ಟು ಬಿಟ್ಟುಕೊಟ್ಟ ಡಬ್ಬದಿಂದ ಹೋಗುವುದು ಬೇಡ.

“ನಾನು ನೋಡ್ಕೊಳ್ತೀನಿ” ಎಂದಳು.

ಮೈದುನ ಅಮ್ಮನ ಮುಖ ನೋಡಿದ. ಅಮ್ಮ ಅಳತೆಯ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಆಗಲೇ ಮೇಜಿನ ಕೆಳಗೆ ಬಗ್ಗುತ್ತಿದ್ದರು.

ಅವತ್ತೇ ಅವಳು ಹಳೆಯ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ಒಳಗಿನ ಭಾಗಗಳ ಉದ್ದಗಲ ತೆಗೆದುಕೊಳ್ಳತೊಡಗಿದಳು. ಅಂಕಿ ಬರೆದುಕೊಂಡು ಹೋಗುವುದೆಂದು ಅವಳ ಲೆಕ್ಕ. ಅತ್ತೆ ತಲೆಯಾಡಿಸಿದರು. ಅಂಕಿ ಅಂಗಡಿಯವನ ಬಾಯಲ್ಲಿ ಹಿಗ್ಗುತ್ತೆ, ಕುಗ್ಗುತ್ತೆ, ಕಾಗದ ಹಿಗ್ಗಲ್ಲ ಎಂದು ಹಳೆಯ ಪೇಪರು ತಂದು ನೆಲದ ಮೇಲೆ ಹಾಸಿದರು. ಅಂಗಿಗೆ ಕತ್ತರಿಸುವ ಹಾಗೆಯೇ ಒಂದೊಂದು ಭಾಗಕ್ಕೂ ಒಂದೊಂದು ಕಾಗದದ ಮಾದರಿ ಕತ್ತರಿಸಿದರು. ಮದರ್‌ಬೋರ್ಡಿಗೆ ಒಂದು ದೊಡ್ಡ ಚೌಕ, ಅದರ ಸ್ಕ್ರೂ ತೂತುಗಳಿಗೆ ಗುಂಡುಸೂಜಿಯಿಂದ ಗುರುತು. ಪವರ್ ಸಪ್ಲೈಗೆ ಇಟ್ಟಿಗೆಯಂಥ ತುಂಡು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಉದ್ದನೆಯ ಪಟ್ಟಿ. ಅವಳು ಪ್ರತಿ ತುಂಡಿನ ಮೇಲೂ ಅದರ ಹೆಸರು ಬರೆದು, ವೈರು ತಿರುಗುವ ಕಡೆ ಇನ್ನೊಂದು ಬೆರಳು ಬಿಡಿ ಅತ್ತೆ ಎಂದಳು. ಬಿಡುವಿನ ವಿಷಯ ತನಗೆ ಹೇಳಿಕೊಡಬೇಕಾಗಿಲ್ಲ ಎಂಬಂತೆ ಅತ್ತೆ ಕನ್ನಡಕದ ಮೇಲಿಂದ ನೋಡಿದರು.

ಕತ್ತರಿಸುತ್ತಾ ಅತ್ತೆ ತಮ್ಮ ಗಿರಾಕಿಗಳ ಮಾತು ತೆಗೆದರು. ಅಳತೆ ಕೊಡುವಾಗ ಎಲ್ಲರೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಅದಕ್ಕೇ ಹೊಟ್ಟೆಯ ಅಳತೆಯನ್ನು ಎರಡು ಸಲ ತೆಗೆಯಬೇಕು. ಎಲ್ಲ ಮುಗಿದು ಅವರು ಹರಟೆಗೆ ಬಿದ್ದಾಗ ಟೇಪನ್ನು ಮೆಲ್ಲಗೆ ಇನ್ನೊಮ್ಮೆ ಸುತ್ತಿಸಬೇಕು, ಆಗ ಬಂದದ್ದು ನಿಜವಾದ ಹೊಟ್ಟೆ. ನನ್ನ ಕೈಯಿಂದ ಹೋದ ಒಂದು ಬಟ್ಟೆಯೂ ಹೊಟ್ಟೆಯ ಹತ್ತಿರ ಬಿಗಿಯೆಂದು ವಾಪಸು ಬಂದಿಲ್ಲ ಎಂದರು. ಆ ಹೆಮ್ಮೆ ಅವರ ದನಿಯಲ್ಲಿ ಮೊದಲಿನಂತೆಯೇ ಇತ್ತು.

ಮಾರನೆಯ ದಿನ ಅತ್ತೆ ಸೊಸೆ ಕಾಗದದ ಸುರುಳಿ ಹಿಡಿದು ಬಿಡಿಭಾಗದ ಅಂಗಡಿಗೆ ಹೋದರು. ಅಂಗಡಿಯವನಿಗೆ ಗಂಡ ಇಟ್ಟಿದ್ದ ಅಡ್ಡಹೆಸರು ಗ್ಯಾರಂಟಿ. ಮಾತು ಮಾತಿಗೂ ಅವನು ಗ್ಯಾರಂಟಿ ಕೊಡುತ್ತಿದ್ದ, ಅಂಗಡಿಯ ಮುಂದಿನ ಮೋಡಕ್ಕೂ. ಒಳಗೆ ಕಾಲಿಡಲು ಜಾಗವಿಲ್ಲದಂತೆ ಪೆಟ್ಟಿಗೆಗಳನ್ನು ಛಾವಣಿಯವರೆಗೆ ಪೇರಿಸಿದ್ದ. ಮೊದಲು ಅವನು ತೋರಿಸಿದ್ದು ಗಾಜಿನ ಮುಖದ ಒಂದು ಕ್ಯಾಬಿನೆಟ್. ಸ್ವಿಚ್ಚು ಒತ್ತಿದೊಡನೆ ಅದರೊಳಗೆ ಬಣ್ಣಬಣ್ಣದ ದೀಪ ಸುತ್ತತೊಡಗಿದವು. ಮಕ್ಕಳಿಗೆ ಚೆನ್ನಾಗಿದೆ ಎಂದರು ಅತ್ತೆ. ಸೊಸೆ ಅಂಗೈಯನ್ನು ಅದರ ಮುಖದ ಮೇಲೆ ಇಟ್ಟಳು. ಎಲ್ಲಿಯೂ ಒಂದು ತೂತಿಲ್ಲ. ಫ್ಯಾನುಗಳು ಗಾಜಿಗೆ ಮುಖ ಒತ್ತಿಕೊಂಡು ಸುಮ್ಮನೆ ತಿರುಗುತ್ತಿದ್ದವು. ಬೇಡ, ಇದು ಉಸಿರಾಡುವುದಿಲ್ಲ ಎಂದಳು. ಎರಡನೆಯದರ ತಗಡನ್ನು ಹೆಬ್ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನ ಡಬ್ಬದ ಮುಚ್ಚಳದಂತೆ ಟಕ್ಕೆಂದು ಒಳಗೆ ಹೋಗಿ ಟಕ್ಕೆಂದು ಹೊರಗೆ ಬಂತು. ಮೂರನೆಯದರಲ್ಲಿ ಮದರ್‌ಬೋರ್ಡಿನ ಕಾಗದ ಕೂತಿತು, ಕಾರ್ಡಿನ ಪಟ್ಟಿ ಎದುರಿನ ಕಂಬಿಗೆ ಬಡಿದು ಮಡಚಿಕೊಂಡಿತು.

ಕಾಗದಗಳನ್ನು ನೋಡಿ ಗ್ಯಾರಂಟಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಏನಮ್ಮ ಇದು, ಕಂಪ್ಯೂಟರಿಗೆ ಅಂಗಿ ಹೊಲಿಸೋಕೆ ಬಂದ್ರಾ?”

“ನಿನ್ನ ಗ್ಯಾರಂಟಿಗಿಂತ ನನ್ನ ಕಾಗದ ವಾಸಿ” ಎಂದರು ಅತ್ತೆ. “ಮಾತು ಬಿಟ್ಟು ಆ ಕೆಳಗಿರೋದನ್ನ ಎಳಿ.”

ಕೆಳಗಿದ್ದದ್ದು ರಾಶಿಯ ಬುಡದಲ್ಲಿ ಮೂಲೆ ಹರಿದ ಪೆಟ್ಟಿಗೆಯಲ್ಲಿತ್ತು. ಕಪ್ಪು ಬಣ್ಣ, ದೀಪವಿಲ್ಲ, ಗಾಜಿಲ್ಲ. ಹಾಗಾಗಿ ಕೇಳುವವರೂ ಇಲ್ಲ. ಎದುರಿಗೆ ಪೂರ್ತಿ ಜಾಲರಿ. ಸೊಸೆ ಅದನ್ನು ನೆಲಕ್ಕಿಟ್ಟು ಎರಡೂ ಪಕ್ಕ ಬಿಚ್ಚಿದಳು. ತಗಡು ದಪ್ಪವೇನಲ್ಲ, ಆದರೆ ಒತ್ತಿದರೆ ಎದುರು ನಿಲ್ಲುತ್ತಿತ್ತು. ಹಿಂದುಗಡೆ ವೈರು ಹಾಯಿಸಲು ಅವಳ ಕಿರುಬೆರಳು ಆಡುವಷ್ಟು ಸಂದು. ಒಂದು ಸ್ಕ್ರೂ ಹಾಕಿ ತಿರುಗಿಸಿ ನೋಡಿದಳು, ತೂತಿನೊಳಗಿನ ತಿರುಪು ನೆಟ್ಟಗಿತ್ತು. ಬೋರ್ಡಿನ ಕಾಗದ ಕೂತಿತು, ಗುಂಡುಸೂಜಿಯ ಗುರುತುಗಳು ತೂತಿನ ಮೇಲೆ ಸರಿಯಾಗಿ ಬಂದವು. ಕಾರ್ಡಿನ ಪಟ್ಟಿಗೆ ಬೆರಳಗಲ ಬಿಡುವೂ ಉಳಿಯಿತು. ಗಂಡ ಹುಡುಕಿದ್ದು ಇದನ್ನೇ ಎಂದು ಅವಳಿಗೆ ಅನ್ನಿಸಿತು. ಇಷ್ಟು ದಿನ ಇದು ಇಲ್ಲೇ ಬುಡದಲ್ಲಿತ್ತು. ಅವನು ಬಗ್ಗಿ ನೋಡುವ ಜಾತಿಯವನಲ್ಲ.

ಅತ್ತೆ ಚೌಕಾಸಿಗೆ ಇಳಿದರು. ಹರಿದ ಪೆಟ್ಟಿಗೆ, ಧೂಳು, ಕೇಳುವವರಿಲ್ಲದ ಬಣ್ಣ ಎಲ್ಲವನ್ನೂ ಹಿಡಿದು ಎಳೆದು, ಗ್ಯಾರಂಟಿ ತಲೆ ಕೆರೆದುಕೊಳ್ಳುವ ತನಕ ಬೆಲೆ ಇಳಿಸಿದರು. ಬಿಲ್ಲು ಬರೆಯುತ್ತಾ ಅವನು, ಸಾರ್ ಯಾಕೆ ಬರಲಿಲ್ಲ, ಅವರಿದ್ದಿದ್ದರೆ ಇವತ್ತು ಇನ್ನೂ ಮೊದಲನೆಯದನ್ನೇ ನೋಡುತ್ತಿದ್ದರು ಎಂದ.

“ಅವರು ತೀರ್ಕೊಂಡ್ರು” ಎಂದಳು ಅವಳು.

ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಬೇರೆಯವರೇ ಹೇಳಿಕೊಂಡು ಬಂದಿದ್ದರು. ಗ್ಯಾರಂಟಿಯ ಪೆನ್ನು ನಿಂತಿತು. ಆಮೇಲೆ ಬರೆದ ಬೆಲೆಯನ್ನು ಹೊಡೆದು ಇನ್ನೂ ಕಡಿಮೆ ಬರೆಯಲು ಹೋದ. ಅವಳು ಕೈ ಅಡ್ಡ ಇಟ್ಟಳು. ಅತ್ತೆ ಜಗಳವಾಡಿ ಇಳಿಸಿದ್ದು ಅತ್ತೆಯ ಬಾಯಿಗೆ ಸಂದದ್ದು, ಅದು ಇರಲಿ, ಇದು ಬೇಡ ಎಂದಳು. ಅವನು ಹೊಸ ಬಿಲ್ಲು ಬರೆದು, ಡಬ್ಬವನ್ನು ತಾನೇ ಹೊತ್ತು ಬೀದಿಯ ತನಕ ತಂದುಕೊಟ್ಟ. ಬಿಚ್ಚಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಹೇಳುವುದನ್ನು ಮಾತ್ರ ಮರೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಕೂತಳು. ಅತ್ತೆ ತಮ್ಮ ಗುಂಡಿಗಳ ಡಬ್ಬ ಖಾಲಿ ಮಾಡಿ ಕೊಟ್ಟರು. ಅದರ ಒಂದೊಂದು ಕೋಣೆಯಲ್ಲಿ ಒಂದೊಂದು ಜಾತಿಯ ಸ್ಕ್ರೂ. ಬಿಚ್ಚುವ ಮೊದಲು ಪ್ರತಿ ವೈರಿನ ಫೋಟೋ ತೆಗೆದುಕೊಂಡಳು. ಗಂಡ ವೈರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿರಲಿಲ್ಲ. ಅಮ್ಮ ಕತ್ತರಿಸಿ ಬಿಸಾಡಿದ ಬಟ್ಟೆಯ ಅಂಚುಗಳಿಂದ ಕಟ್ಟಿದ್ದ. ವಿದ್ಯುತ್ತಿನದಕ್ಕೆ ಕೆಂಪು, ಫ್ಯಾನಿನದಕ್ಕೆ ನೀಲಿ, ಉಳಿದದ್ದಕ್ಕೆ ಯಾರದೋ ಮಗುವಿನ ಅಂಗಿಯ ಹೂವಿನ ಬಟ್ಟೆ. ಗಂಟುಗಳು ದರ್ಜಿಯ ಗಂಟುಗಳು, ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುವಂಥವು. ಅವಳು ಒಂದೊಂದನ್ನೇ ಎಳೆದಳು. ಅವನ ಬೆರಳು ಬಿಗಿದದ್ದು ಅವಳ ಬೆರಳಿಗೆ ಸಡಿಲಾಗುತ್ತಾ ಬಂತು. ಬಿಚ್ಚಿದ ಪಟ್ಟಿಗಳನ್ನು ನೀವಿ ತೊಡೆಯ ಮೇಲೆ ಸಾಲಾಗಿ ಇಟ್ಟುಕೊಂಡಳು, ಮತ್ತೆ ಅವೇ ಬೇಕು.

ಮೊದಲು ಹೊಸ ಡಬ್ಬದ ಹಿಂಬದಿಗೆ, ವೈರು ಸಿಕ್ಕಿಸುವ ತೂತುಗಳಿರುವ ತಗಡಿನ ಪಟ್ಟಿಯನ್ನು ಒತ್ತಿ ಕೂರಿಸಿದಳು. ಬೋರ್ಡು ಉಕ್ಕಿಗೆ ತಾಗದಿರಲು ಕೆಳಗೆ ಹಿತ್ತಾಳೆಯ ಪುಟ್ಟ ಕಂಬಗಳನ್ನು ನೆಟ್ಟಳು. ಒಂದು ಕಂಬ ಬೇಡದ ಜಾಗದಲ್ಲಿ ಮೊದಲೇ ಕೂತಿತ್ತು, ಅದನ್ನು ತೆಗೆಯದೆ ಬೋರ್ಡು ಇಟ್ಟಿದ್ದರೆ ಸುಟ್ಟೇಹೋಗಬಹುದಿತ್ತು. ಕಾಗದದ ಮಾದರಿಯನ್ನು ಮೇಲೆ ಹಿಡಿದು ನೋಡಿದಾಗ ಸಿಕ್ಕಿಬಿತ್ತು. ಪವರ್ ಸಪ್ಲೈಯನ್ನು ಒಳಗೆ ತಳ್ಳುವಾಗ ಒಂದು ಅಂಚು ಅವಳ ಬೆರಳನ್ನು ಸೀಳಿತು. ಅಗ್ಗದ ತಗಡು, ಎಲ್ಲ ಅಂಚುಗಳನ್ನೂ ಮಡಚಿರಲಿಲ್ಲ. ರಕ್ತ ಬಂತು. ನೋವೂ ಆಯಿತು. ನೋವಾಯಿತೆಂದು ಅವಳು ಬೆರಳನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ಅತ್ತೆ ಒಂದು ಚೂರು ಬಟ್ಟೆ ಸುತ್ತಿ ತಮ್ಮದೇ ಗಂಟು ಹಾಕಿದರು.

ಬೋರ್ಡು ಕೂತಿತು. ವೈರುಗಳನ್ನು ಸಿಕ್ಕಿಸಲು ಹೊರಟವಳನ್ನು ಅತ್ತೆ ತಡೆದರು. ಟ್ರಯಲ್ ನೋಡದೆ ಯಾರಾದರೂ ಕೊನೆಯ ಹೊಲಿಗೆ ಹಾಕುತ್ತಾರೆಯೇ? ಸರಿ ಎಂದು ಅವಳು ಪಕ್ಕದ ತಗಡನ್ನು ಎತ್ತಿ ಮುಚ್ಚಲು ಹೋದಳು. ಮುಚ್ಚಲಿಲ್ಲ. ಪ್ರೊಸೆಸರಿನ ಮೇಲೆ ಅದನ್ನು ತಣ್ಣಗಿಡುವ ಕೂಲರ್ ಗೋಪುರದಂತೆ ನಿಂತಿತ್ತಲ್ಲ, ಅದರ ತುದಿ ಉಗುರಿನಷ್ಟು ಹೊರಗೆ ಚಾಚಿಕೊಂಡಿತ್ತು. ಒತ್ತಿದಳು. ತಿರುಗಿಸಿ ಒತ್ತಿದಳು. ಉಗುರಿನಷ್ಟು ಉಗುರಿನಷ್ಟೇ ಉಳಿಯಿತು.

ಕಾಗದದ ಮಾದರಿಗಳು ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿದ್ದವು. ಒಂದಕ್ಕೂ ದಪ್ಪವಿರಲಿಲ್ಲ.

“ಹೊಟ್ಟೆ” ಎಂದರು ಅತ್ತೆ, ಹಣೆಗೆ ಕೈ ಹಚ್ಚಿ. “ಹೊಟ್ಟೆಯ ಅಳತೆ ತೆಗೀಲಿಲ್ಲ ಕಣೇ.”

ಊರಿನವರ ಹೊಟ್ಟೆಯನ್ನೆಲ್ಲ ಎರಡೆರಡು ಸಲ ಅಳೆದ ದರ್ಜಿ. ಪ್ಲಾನಿನಲ್ಲಿ ಕೂದಲೆಳೆಯ ತಪ್ಪು ಹಿಡಿಯುವ ಸೊಸೆ. ಒಬ್ಬರು ಬಟ್ಟೆಯನ್ನು ಹರಡಿಕೊಂಡು, ಇನ್ನೊಬ್ಬಳು ಮನೆಯನ್ನು ಹರಡಿಕೊಂಡು, ಜೀವಮಾನವೆಲ್ಲ ಚಪ್ಪಟೆ ಹಾಳೆಯ ಮೇಲೆ ಬದುಕಿದವರು. ಎತ್ತರವೆಂಬುದೊಂದು ಇದೆಯೆಂದೇ ಇಬ್ಬರೂ ಮರೆತಿದ್ದರು. ಅವಳಿಗೆ ಗಂಟಲಲ್ಲಿ ಏನೋ ಅಲುಗಾಡಿದಂತಾಯಿತು. ಕೆಮ್ಮು ಎಂದುಕೊಂಡಳು. ನಗು. ಅತ್ತೆಯೂ ನಗಲು ಶುರುಮಾಡಿದರು. ಗೋಡೆಗೆ ಒರಗಿದ್ದ ಫೋಟೋದ ಎದುರಿಗೇ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನೀರು ನಗು ನಿಂತ ಮೇಲೂ ಸ್ವಲ್ಪ ಹೊತ್ತು ಬರುತ್ತಲೇ ಇತ್ತು.

ಆಮೇಲೆ ದಾರಿ ಹುಡುಕಿದರು. ಅಟ್ಟದ ಮೇಲೆ ಪ್ರೊಸೆಸರಿನ ಜೊತೆಗೇ ಬಂದಿದ್ದ ಗಿಡ್ಡ ಕೂಲರ್ ಇತ್ತು. ಅದನ್ನು ಹಾಕಬೇಕೆಂದರೆ ಗೋಪುರವನ್ನು ಕೀಳಬೇಕು, ನಡುವಿನ ಅಂಟು ಒಣಗಿ ಹಿಡಿದಿದ್ದರೆ ಪ್ರೊಸೆಸರೇ ಕಿತ್ತು ಬಂದು ಅದರ ಕಾಲುಗಳು ಬಾಗಬಹುದು. ನಾಳೆ ಶನಿವಾರ. ಆ ಅಪಾಯ ಬೇಡವೆಂದಳು. ಪಕ್ಕ ತೆರೆದೇ ಬಿಡೋಣವೆಂದರೆ ಅದೂ ಆಗದು. ಈ ಕೋಣೆಯ ಗಾಳಿಯಲ್ಲಿ ದಿನವಿಡೀ ಬಟ್ಟೆಯ ನೂಲು, ಹತ್ತಿಯ ಧೂಳು ತೇಲುತ್ತಿರುತ್ತದೆ. ಎರಡು ವಾರದಲ್ಲಿ ಫ್ಯಾನುಗಳಿಗೆ ಕಂಬಳಿ ಹೊದಿಸಿದಂತಾಗುತ್ತದೆ.

ಅತ್ತೆ ಎದ್ದು ಕಪಾಟಿನ ತಳದಿಂದ ಕಪ್ಪು ನೆಟ್ ಬಟ್ಟೆಯ ಸುರುಳಿ ತಂದರು. ಕೈಚೀಲಗಳ ಒಳಗೆ ಬಳಸುವ ಗಟ್ಟಿ ಬಟ್ಟೆ. ಗಾಳಿ ಹೋಗುತ್ತದೆ, ನೂಲು ಹೋಗುವುದಿಲ್ಲ. ಚೀಲಗಳ ಬಾಯಿಗೆ ಹಾಕುವ ಅಯಸ್ಕಾಂತದ ಗುಂಡಿಗಳೂ ಒಂದು ಪೊಟ್ಟಣದಲ್ಲಿದ್ದವು. ಅಂಚು ಮಡಚಿ ಗುಂಡಿಗಳನ್ನು ಒಳಗೆ ಹೊಲಿದರೆ ಉಕ್ಕಿನ ಚೌಕಟ್ಟಿಗೆ ತಾನೇ ಅಂಟಿಕೊಳ್ಳುವುದಿಲ್ಲವೇ ಎಂದರು. ಸೊಸೆ ಒಂದು ಗುಂಡಿಯನ್ನು ಅಂಚಿಗೆ ಹಿಡಿದಳು. ಟಪ್ ಎಂದು ಕಚ್ಚಿಕೊಂಡಿತು. ಅವಳು ಕೂಲರಿನ ಎತ್ತರವನ್ನು ಎರಡು ಸಲ ಅಳೆದು ಹೇಳಿದಳು. ಅತ್ತೆ ಎರಡು ಸಲ ಕೇಳಿಸಿಕೊಂಡರು. ಅದು ಬರುವ ಜಾಗದಲ್ಲಿ ನಾಲ್ಕು ನೆರಿಗೆ ಹಿಡಿದು ಬಟ್ಟೆಗೆ ಒಂದು ಪುಟ್ಟ ಹೊಟ್ಟೆ ಕೊಟ್ಟರು. ಹೊಲಿಗೆ ಯಂತ್ರ ಓಡುತ್ತಿದ್ದಾಗ ಅವಳು ವೈರುಗಳನ್ನು ಸಿಕ್ಕಿಸಿ, ಸಂದಿನಲ್ಲಿ ಹಾಯಿಸಿ, ಕೆಂಪು, ನೀಲಿ, ಹೂವಿನ ಪಟ್ಟಿಗಳಿಂದ ಕಟ್ಟಿದಳು. ಗಂಟುಗಳು ಅವನದರಷ್ಟು ಅಂದವಾಗಲಿಲ್ಲ. ಎಳೆದರೆ ಬಿಚ್ಚಿಕೊಳ್ಳುತ್ತಿದ್ದವು, ಅಷ್ಟು ಸಾಕು.

ಬಟ್ಟೆ ಕೂತಿತು. ಕೂಲರಿನ ತುದಿ ನೆರಿಗೆಯೊಳಗೆ ಆರಾಮವಾಗಿ ಸೇರಿಕೊಂಡಿತು. ಅವಳು ನೆಲದ ಮೇಲೆ ಮೊಣಕಾಲೂರಿ ಸ್ವಿಚ್ಚಿನ ಮೇಲೆ ಬೆರಳಿಟ್ಟಳು, ಬಟ್ಟೆ ಸುತ್ತಿದ ಬೆರಳನ್ನೇ. ಇದು ಏಳದಿದ್ದರೆ ಶನಿವಾರದ ಮಾತೂ ಹೋಯಿತು, ಮೈದುನನ ಮಾತು ನಿಜವಾಯಿತು. ಒತ್ತಿದಳು.

ಏನೂ ಇಲ್ಲ ಎನ್ನುವಷ್ಟರಲ್ಲಿ ಫ್ಯಾನು ತಿರುಗಿತು. ಕಪ್ಪು ಬಟ್ಟೆ ಒಮ್ಮೆ ಮೆಲ್ಲಗೆ ಒಳಗೆ ಹೋಗಿ ಹೊರಗೆ ಬಂತು. ಪರದೆಯ ಮೇಲೆ ಬೆಳಕು ಮೂಡಿತು. ಅತ್ತೆ ಕೂತಲ್ಲಿಂದಲೇ ಕೈಚಾಚಿ ಅವಳ ಬೆನ್ನ ಮೇಲೆ, ಹೊಲಿದು ಮುಗಿಸಿದ ಬಟ್ಟೆಯ ಮೇಲೆ ಕೈಯಾಡಿಸುವಂತೆ, ಒಂದು ಸಲ ಸವರಿದರು.

ಸಂಜೆ ಮೈದುನ ಬಂದು ನೋಡಿದ. ಬಗ್ಗಿ ನೋಡಿದ, ಹಿಂದಿನಿಂದ ನೋಡಿದ, ನೆರಿಗೆಯನ್ನು ಬೆರಳಿಂದ ಮುಟ್ಟಿ ನೋಡಿದ. ಅಂಗಡಿಯಲ್ಲಿ ಇಂಥದ್ದು ಸಿಗುತ್ತದೆಯೇ ಎಂದು ಕೇಳಿದ. ಇಲ್ಲ ಎಂದರು ಇಬ್ಬರೂ, ಒಟ್ಟಿಗೆ.

ಶನಿವಾರ ಬೆಳಿಗ್ಗೆ ಅವಳು ಮಹಡಿ ಮನೆಯ ಮೆಟ್ಟಿಲು ಬರೆದಳು. ಕಳಿಸುವ ಮೊದಲು ಏನೋ ಹೊಳೆದು ಕೈ ತಡೆದಳು. ಮೆಟ್ಟಿಲಿನ ಉದ್ದಗಲ ಸರಿಯಾಗಿತ್ತು. ಎತ್ತರ? ಹತ್ತುವವರ ತಲೆಗೂ ಮೇಲಿನ ಛಾವಣಿಯ ಅಂಚಿಗೂ ನಡುವೆ ಎಷ್ಟು ಜಾಗವಿದೆಯೆಂದು ಲೆಕ್ಕ ಹಾಕಿದಳು. ತನ್ನಷ್ಟು ಎತ್ತರದವರು ಸಲೀಸಾಗಿ ಹತ್ತಬಹುದಿತ್ತು. ಅವನಷ್ಟು ಎತ್ತರದವನು ಹತ್ತಿದರೆ ಹಣೆ ಬಡಿಯುತ್ತಿತ್ತು. ಛಾವಣಿಯ ಅಂಚನ್ನು ಒಂದು ಮೆಟ್ಟಿಲಿನಷ್ಟು ಹಿಂದಕ್ಕೆ ಸರಿಸಿದಳು. ಆಮೇಲೆ ಕಳಿಸಿದಳು. ಮಧ್ಯಾಹ್ನದೊಳಗೆ ಎಂಜಿನಿಯರು ಫೋನ್ ಮಾಡಿ, ಆ ತಲೆಯೆತ್ತರದ ವಿಷಯ ನನ್ನ ಕಣ್ಣಿಗೂ ಬಿದ್ದಿರಲಿಲ್ಲ ಎಂದರು. ಸೋಮವಾರ ಇನ್ನೊಂದು ಮನೆ ಕಳಿಸುತ್ತೇನೆ, ಅದರ ಮೇಲೆ ನಿಮ್ಮ ಹೆಸರೇ ಹಾಕಿ ಎಂದರು.

ಅವಳು ಬೂದು ಕ್ಯಾಬಿನೆಟ್ಟನ್ನು ಒರೆಸಿದಳು. ಒಳಗಿನ ಮೂಲೆಗಳ ಧೂಳನ್ನು ಅತ್ತೆಯ ಬ್ರಷ್ಷಿನಿಂದ ತೆಗೆದಳು. ಅದರ ಸ್ಕ್ರೂಗಳನ್ನು ಅತ್ತೆ ಹೊಲಿದುಕೊಟ್ಟ ಪುಟ್ಟ ಚೀಲದಲ್ಲಿ ಹಾಕಿ ಒಳಗೆ ಕಟ್ಟಿದಳು. ಹೊತ್ತುಕೊಂಡು ಹೊರಟಳು. ಮೈದುನ ತಾನು ತರುತ್ತೇನೆಂದ. ಬೇಡವೆಂದಳು. ಗಂಡ ಸುತ್ತು ಬಳಸಿ ತಪ್ಪಿಸುತ್ತಿದ್ದ ಬೀದಿಯ ನಟ್ಟನಡುವೆ ನಡೆದಳು. ಗೊತ್ತಿದ್ದವರು ಏನಮ್ಮ ಇದು ಎಂದು ಕೇಳಿದರು, ಸ್ಟುಡಿಯೋದವರದು, ಕೊಡೋಕೆ ಹೋಗ್ತಿದ್ದೀನಿ ಎಂದು ಎಲ್ಲರಿಗೂ ನಿಂತು ಹೇಳಿದಳು.

ಸ್ಟುಡಿಯೋದಲ್ಲಿ ಟೇಬಲ್ ಫ್ಯಾನು ಬೀಸುತ್ತಿತ್ತು. ಪೇಪರಿನ ನಾಲ್ಕು ಮೂಲೆಗೂ ಲೆನ್ಸುಗಳಿದ್ದವು, ಮೈದುನ ಹೇಳಿದ ಹಾಗೆಯೇ. ಸ್ಟುಡಿಯೋದವರು ಅವಳನ್ನೂ ಡಬ್ಬವನ್ನೂ ನೋಡಿ ಗಡಿಬಿಡಿಯಲ್ಲಿ ಎದ್ದು, ಬೆತ್ತಲೆ ಬಿದ್ದಿದ್ದ ತಮ್ಮ ಕಂಪ್ಯೂಟರಿಗೆ ಮರೆಯಾಗಿ ನಿಂತರು.

“ಯಾಕಮ್ಮ, ಇಟ್ಕೋ ಅಂದಿದ್ನಲ್ಲ. ನನಗೇನೂ ಅರ್ಜೆಂಟಿರಲಿಲ್ಲ.”

“ಗೊತ್ತಣ್ಣ” ಎಂದಳು. ಅವರ ಬೆನ್ನ ಹಿಂದೆ ಪೇಪರು ಪಟಪಟ ಬಡಿದುಕೊಳ್ಳುತ್ತಿತ್ತು. “ನಮ್ಮದಕ್ಕೆ ಬೇರೆ ಮನೆ ಆಯ್ತು.”

ಅವಳು ಕ್ಯಾಬಿನೆಟ್ಟನ್ನು ಗಲ್ಲಾದ ಮೇಲೆ ಇಟ್ಟು ಪಕ್ಕ ತೆರೆದು ತೋರಿಸಿದಳು. ಅವರು ಒಳಗೆ ನೋಡಿದರು. ಚೀಲ ಬಿಚ್ಚಿ ಸ್ಕ್ರೂಗಳನ್ನು ಅಂಗೈಗೆ ಸುರಿದುಕೊಂಡರು. ಹೊಸದನ್ನು ಯಾರು ಜೋಡಿಸಿದರು, ಯಾವ ಅಂಗಡಿಯವರು ಎಂದು ಕೇಳಿದರು.

“ನಾನೇ” ಎಂದಳು. “ಅದರ ಅಂಗಿ ಮಾತ್ರ ನಮ್ಮತ್ತೆ ಹೊಲಿದದ್ದು.”